ಗಟ್ಟಿ ದನಿಯ ವಿದೇಶ ನೀತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇರೆ ದೇಶಗಳ ಜೊತೆ ಖಡಕ್ಕಾಗಿ ನಡೆದುಕೊಂಡರೆ ಒಳ್ಳೆಯದೇ, ಕೆಟ್ಟದ್ದೇ ಎಂದು ಕೇಳಿ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಲ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸಿಂಧೂ ಒಪ್ಪಂದ ಅಮಾನತಾದ ಮೇಲೆ ಪಾಕಿಸ್ತಾನಕ್ಕೆ ಹನಿ ನೀರೂ ಹೋಗಲ್ಲ ಅಂತ ನಮ್ಮೂರ ಹೋಟೆಲಿನಲ್ಲಿ ದಿನಾ ಮಾತು. ಕೆಆರ್‌ಎಸ್‌ನಲ್ಲಿ ಗೇಟು ಇಳಿಸಿದ ಹಾಗೆ ಅಲ್ಲೂ ಇಳಿಸಬಹುದಾ? (ಓದುಗರು, ಮದ್ದೂರು)

ಗೇಟು ಇಳಿಸಿದರೆ ಸಾಲದು, ಗೇಟಿನ ಹಿಂದೆ ನೀರು ನಿಲ್ಲಲು ಜಾಗ ಬೇಕು. ಸಿಂಧೂ, ಝೀಲಂ, ಚಿನಾಬ್ ಮೂರರಲ್ಲೂ ಸೇರಿ ವರ್ಷಕ್ಕೆ ಸುಮಾರು 135 ದಶಲಕ್ಷ ಎಕರೆ-ಅಡಿ ನೀರು ಹರಿಯುತ್ತದೆ. ಒಂದು ದಶಲಕ್ಷ ಎಕರೆ-ಅಡಿಗೆ 43.56 ಟಿಎಂಸಿ. ಹಾಗಾಗಿ ನಮ್ಮ ಲೆಕ್ಕದಲ್ಲಿ ಅದು 5,880 ಟಿಎಂಸಿ. ಕೆಆರ್‌ಎಸ್ 124.80 ಅಡಿ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ಆ ಮೂರು ನದಿಗಳ ಒಂದು ವರ್ಷದ ನೀರು ನಿಲ್ಲಿಸಲು ಹತ್ತಿರ ಹತ್ತಿರ 119 ಕೆಆರ್‌ಎಸ್ ಬೇಕು. ಭಾರತ, ಪಾಕಿಸ್ತಾನ ಸಿಂಧೂ ನದಿಗಳ ನೀರು ಹಂಚಿಕೊಂಡ 1960ರ ಒಪ್ಪಂದದಲ್ಲಿ ಆ ನದಿಗಳ ಮೇಲೆ ಭಾರತಕ್ಕೆ ಬಿಟ್ಟುಕೊಟ್ಟ ಸಂಗ್ರಹ 3.6 ದಶಲಕ್ಷ ಎಕರೆ-ಅಡಿ, ಅಂದರೆ ಮೂರು ಕೆಆರ್‌ಎಸ್‌ಗಿಂತ ತುಸು ಹೆಚ್ಚು. ಅಷ್ಟನ್ನೂ ನಾವು ಇನ್ನೂ ಕಟ್ಟಿಕೊಂಡಿಲ್ಲ. ಚಿನಾಬ್ ಮೇಲಿನ ಬಾಗ್ಲಿಹಾರ್, ಸಲಾಲ್ ಎರಡೂ ಹರಿಯುವ ನೀರಿನಲ್ಲೇ ವಿದ್ಯುತ್ ತೆಗೆಯುವ ಯೋಜನೆಗಳು. ತಿಂಗಳುಗಟ್ಟಲೆ ನೀರು ಕಟ್ಟಿಹಾಕುವ ಜಲಾಶಯಗಳಲ್ಲ.

ಹಾಗಂತ ಏನೂ ಆಗುವುದಿಲ್ಲ ಎಂದಲ್ಲ. ನೀರಿನಲ್ಲಿ ಪ್ರಮಾಣದಷ್ಟೇ ಮುಖ್ಯ ಹೊತ್ತು. ಒಟ್ಲು (ಭತ್ತದ ಸಸಿಮಡಿ) ಬಿಡುವಾಗ ನಾಲೆಗೆ ನೀರು ಹತ್ತು ದಿನ ತಡವಾದರೆ ಏನಾಗುತ್ತದೆ ಎಂದು ಮದ್ದೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಚಳಿಗಾಲದಲ್ಲಿ ಹರಿವು ಇಳಿದಾಗ ಕೆಲವು ದಿನ ಹಿಡಿದು ಒಮ್ಮೆಲೇ ಬಿಟ್ಟರೂ ಕೆಳಗಿನ ಬಿತ್ತನೆಗೆ ಪೆಟ್ಟು ಬೀಳುತ್ತದೆ. ಅಪಾಯ ಇರುವುದೂ ಇಲ್ಲೇ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಮರುದಿನ, 2025ರ ಏಪ್ರಿಲ್ 23ರಂದು, ಭಾರತ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಅದರ ಮರುದಿನವೇ ಪಾಕಿಸ್ತಾನ ನೀರು ತಡೆದರೆ ಅದು ಯುದ್ಧಕ್ಕೆ ಸಮ ಎಂದು ಸಾರಿತು. ನಿಲ್ಲಿಸುವ ಶಕ್ತಿ ನಮಗೆ ಬರಲು ವರ್ಷಗಳು ಬೇಕು, ಎದುರಾಳಿಯ ಯುದ್ಧದ ಮಾತು ಮಾತ್ರ ಇವತ್ತೇ ಬಂದು ಕೂತಿದೆ. ಭಯೋತ್ಪಾದನೆಗೆ ಉತ್ತರ ಕೊಡಲೇಬೇಕಿತ್ತು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಕೈಯಲ್ಲಿ ಇನ್ನೂ ಇಲ್ಲದ ಆಯುಧದ ಹೆಸರು ಹೇಳಿ ಹೆದರಿಸುವುದಕ್ಕೂ ಬೆಲೆ ಇದೆ.

ಇನ್ನೊಂದು ಸಂಗತಿ ಚರ್ಚೆಗೆ ಬರುವುದೇ ಇಲ್ಲ. ಸಿಂಧೂವಿನಲ್ಲಿ ಭಾರತ ಮೇಲಿನ ದೇಶ, ಬ್ರಹ್ಮಪುತ್ರದಲ್ಲಿ ಕೆಳಗಿನ ದೇಶ. ಅದೇ ಬ್ರಹ್ಮಪುತ್ರಕ್ಕೆ ಟಿಬೆಟ್‌ನ ಮೆಡೋಗ್ ಬಳಿ ಚೀನಾ 2025ರ ಜುಲೈನಲ್ಲಿ ಭಾರೀ ಅಣೆಕಟ್ಟಿನ ಕೆಲಸ ಶುರುಮಾಡಿದೆ. ಮೇಲಿನವರು ಒಪ್ಪಂದ ಬದಿಗಿಡಬಹುದು ಎಂದು ಒಂದು ನದಿಯಲ್ಲಿ ನಾವೇ ಹೇಳಿದರೆ, ಇನ್ನೊಂದು ನದಿಯಲ್ಲಿ ಅದೇ ಮಾತು ನಮ್ಮ ಕಡೆ ತಿರುಗುತ್ತದೆ.

ಪ್ರಶ್ನೆ: ಇದೆಲ್ಲ ದೆಹಲಿಯವರ ವಿಷಯ. ನಮ್ಮ ನೆಲದಲ್ಲಿ ಇಂಥ ಉದಾಹರಣೆ ಇದೆಯಾ? (ವಿದ್ಯಾರ್ಥಿನಿ, ಶ್ರೀರಂಗಪಟ್ಟಣ)

ನಿಮ್ಮೂರಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಚಿತ್ರವನ್ನು ಒಮ್ಮೆ ನಿಧಾನವಾಗಿ ನೋಡಿ. ಕೆಂಪು ಅಂಗಿಯ ಸೈನಿಕರ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಬ್ರಿಟಿಷರ ಕರ್ನಲ್ ಬೈಲಿ, ಅಲ್ಲೇ ಸ್ಫೋಟಿಸುವ ಮದ್ದಿನ ಬಂಡಿ, ಸುತ್ತಲೂ ಮೈಸೂರಿನ ಕುದುರೆ ಸವಾರರು. 1780ರ ಸೆಪ್ಟೆಂಬರ್‌ನ ಪೊಲ್ಲಿಲೂರು ಯುದ್ಧ ಅದು. ಆ ವರ್ಷ ಹೈದರ್ ಅಲಿಯ ಜೊತೆಗೆ ಮರಾಠರೂ ನಿಜಾಮನೂ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಒಂದಾಗಿದ್ದರು.

ಹತ್ತು ವರ್ಷ ಮುಂದಕ್ಕೆ ಬನ್ನಿ. 1789ರಲ್ಲಿ ತಿರುವಾಂಕೂರಿನ ರಾಜ ಡಚ್ಚರಿಂದ ಕೊಡುಂಗಲ್ಲೂರು ಮತ್ತು ಆಯಕೋಟೆ ಕೋಟೆಗಳನ್ನು ಕೊಂಡ. ಅವು ತನಗೆ ಕಪ್ಪ ಕೊಡುವ ಕೊಚ್ಚಿಯ ನೆಲದವು ಎಂಬುದು ಟಿಪ್ಪುವಿನ ವಾದ. ವಾದದಲ್ಲಿ ಹುರುಳಿತ್ತೋ ಇಲ್ಲವೋ, ತಿರುವಾಂಕೂರು ಕಂಪನಿಯ ಮಿತ್ರ ಎಂದು 1784ರ ಮಂಗಳೂರು ಒಪ್ಪಂದದಲ್ಲೇ ಬರೆದಿತ್ತು. 1789ರ ಡಿಸೆಂಬರ್ ಕೊನೆಗೆ ತಿರುವಾಂಕೂರಿನ ಗಡಿಕೋಟೆಯ ಮೇಲೆ ದಾಳಿ ನಡೆಯಿತು. ಆರು ತಿಂಗಳ ಹೊತ್ತಿಗೆ, 1790ರ ಜೂನ್‌ನಲ್ಲಿ ಮರಾಠರೂ ಜುಲೈನಲ್ಲಿ ನಿಜಾಮನೂ ಕಂಪನಿಯ ಜೊತೆ ಸಹಿ ಹಾಕಿದರು. ಹತ್ತು ವರ್ಷದಲ್ಲಿ ಮೈಸೂರಿನ ಸೇನೆ ಸೊರಗಿರಲಿಲ್ಲ. ಎದುರಿಗೆ ನಿಂತವರು ಮಾತ್ರ ಒಬ್ಬರಿಂದ ಮೂವರಾಗಿದ್ದರು. ಮೊದಲ ತಪ್ಪು ಇದು. 1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾಗಿ ಹೋದರು.

ಎರಡನೆಯ ತಪ್ಪು ಗುಟ್ಟು ರಟ್ಟಾದದ್ದು. ಫ್ರೆಂಚರ ನೆರವು ಕೇಳಿ ಟಿಪ್ಪು ಅವರ ವಶದಲ್ಲಿದ್ದ ಮಾರಿಷಸ್‌ಗೆ ದೂತರನ್ನು ಕಳಿಸಿದ. ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಅದನ್ನು ಬಹಿರಂಗ ಪ್ರಕಟಣೆಯಾಗಿ ಹೊರಡಿಸಿಬಿಟ್ಟ. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ನೂರು ಜನವೂ ಇಲ್ಲ. ಆದರೆ ಆ ಪ್ರಕಟಣೆ ಕಲ್ಕತ್ತಾ ತಲುಪಿ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾದ ನೆಪ ಒದಗಿಸಿತು. ಅಕ್ಟೋಬರ್‌ನಲ್ಲಿ ಬ್ರಿಟಿಷರು ನಿಜಾಮನ ಬಳಿ ಇದ್ದ ಫ್ರೆಂಚ್ ಪಡೆಯ ಆಯುಧ ಕಸಿದರು. 1799ರ ಮೇ 4ರಂದು ನಿಮ್ಮ ಕೋಟೆ ಬಿತ್ತು. ಸಿಕ್ಕ ನೆರವು ನೂರಕ್ಕಿಂತ ಕಡಿಮೆ ಜನ, ತೆತ್ತ ಬೆಲೆ ಇಡೀ ರಾಜ್ಯ. ಟಿಪ್ಪುವಿನ ಶೌರ್ಯದ ಬಗ್ಗೆ ನಡೆಯುವ ಜಗಳದಲ್ಲಿ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ ಎಂಬುದು ನಮಗೆ ಬೇಸರದ ಸಂಗತಿ.

ಪ್ರಶ್ನೆ: ನೇಪಾಳದಂಥ ಪುಟ್ಟ ದೇಶ ಒಂದಿಷ್ಟು ಗದರಿದರೆ ದಾರಿಗೆ ಬರುವುದಿಲ್ಲವೇ? (ನಿವೃತ್ತ ಉಪನ್ಯಾಸಕರು, ಕುವೆಂಪುನಗರ, ಮೈಸೂರು)

2015ರ ಸೆಪ್ಟೆಂಬರ್ 20ರಂದು ನೇಪಾಳದ ಹೊಸ ಸಂವಿಧಾನ ಜಾರಿಗೆ ಬಂತು. ಭಾರತದ ಗಡಿಗೆ ಅಂಟಿದ ತರಾಯಿ ಬಯಲಿನ ಮಧೇಸಿಗಳು ಅದನ್ನು ವಿರೋಧಿಸಿ ಪ್ರತಿಭಟಿಸುತ್ತಿದ್ದರು, ರಕ್ಸೌಲ್–ಬೀರ್‌ಗಂಜ್ ಗಡಿಯಲ್ಲಿ ಲಾರಿಗಳು ನಿಂತವು. ತಾನು ದಿಗ್ಬಂಧನ ಹಾಕಿಲ್ಲ, ಅಲ್ಲಿನ ಗಲಾಟೆಯಿಂದ ಲಾರಿಗಳು ಹೋಗುತ್ತಿಲ್ಲ ಎಂದು ಭಾರತ ಹೇಳಿತು. ಆದರೆ ಏಪ್ರಿಲ್‌ನ ಭೂಕಂಪದಲ್ಲಿ ಮನೆ ಕಳೆದುಕೊಂಡು ಚಳಿಗಾಲದಲ್ಲಿ ಗ್ಯಾಸ್ ಇಲ್ಲದೆ ಸೌದೆ ಒಲೆ ಹಚ್ಚಿದ ಜನ ಅದನ್ನು ನಂಬಲಿಲ್ಲ. ಚೀನಾ 13 ಲಕ್ಷ ಲೀಟರ್ ಇಂಧನವನ್ನು ಪುಕ್ಕಟೆ ಕೊಟ್ಟಿತು. 2016ರ ಮಾರ್ಚ್‌ನಲ್ಲಿ ಚೀನಾ–ನೇಪಾಳ ಸಾಗಣೆ ಒಪ್ಪಂದವಾಯಿತು, 2019ರಲ್ಲಿ ತಿಯಾಂಜಿನ್ ಸೇರಿ ನಾಲ್ಕು ಚೀನೀ ಬಂದರುಗಳನ್ನು ನೇಪಾಳಕ್ಕೆ ತೆರೆಯಲು ಸಹಿ ಬಿತ್ತು.

ಕೋಲ್ಕತ್ತಾದಿಂದ ಬೀರ್‌ಗಂಜ್‌ಗೆ ಸುಮಾರು 700 ಕಿ.ಮೀ. ತಿಯಾಂಜಿನ್‌ನಿಂದ ನೇಪಾಳದ ಗಡಿಗೆ ಮೂರು ಸಾವಿರಕ್ಕೂ ಹೆಚ್ಚು. ವ್ಯಾಪಾರಕ್ಕೆ ಆ ದಾರಿ ಗಿಟ್ಟುವುದಿಲ್ಲ. ಆದರೂ ದೆಹಲಿಯ ಜೊತೆ ಮಾತಿಗೆ ಕೂತಾಗ ಅದು ನೇಪಾಳದ ಕೈಯಲ್ಲಿರುತ್ತದೆ. ಭಾರತ ಆಮೇಲೆ ಮೋತಿಹಾರಿಯಿಂದ ಅಮ್ಲೇಖ್‌ಗಂಜ್‌ಗೆ 69 ಕಿ.ಮೀ. ತೈಲ ಕೊಳವೆ ಹಾಕಿಸಿ 2019ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿತು. ಅದು ಒಳ್ಳೆಯ ಕೆಲಸ. ಆದರೂ 2020ರಲ್ಲಿ, ಭಾರತ ತನ್ನದೆನ್ನುವ ಲಿಪುಲೇಖ್, ಕಾಲಾಪಾನಿ, ಲಿಂಪಿಯಾಧುರಾಗಳನ್ನು ಸೇರಿಸಿಕೊಂಡ ಹೊಸ ನಕ್ಷೆ ನೇಪಾಳದ ಸಂಸತ್ತಿಗೆ ಬಂದಾಗ ವಿರೋಧ ಪಕ್ಷಗಳೂ ಕೈ ಎತ್ತಿದವು. ಒಳಗೆ ಕಚ್ಚಾಡುತ್ತಿದ್ದವರನ್ನು ಹೊರಗಿನ ಒತ್ತಡ ಒಗ್ಗೂಡಿಸುತ್ತದೆ. ಗದರುವವರು ಮೊದಲು ಮರೆಯುವುದು ಇದನ್ನೇ.

ಪ್ರಶ್ನೆ: ಸೊಸೈಟಿಯಲ್ಲಿ ಡಿಎಪಿ ಕೇಳಿದರೆ ಚೀನಾದಿಂದ ಬಂದಿಲ್ಲ ಅಂತಾರೆ. ದೇಶದೇಶದ ಜಗಳಕ್ಕೂ ನನ್ನ ಕಬ್ಬಿಗೂ ಏನು ಸಂಬಂಧ? (ರೈತರು, ಪಾಂಡವಪುರ)

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಅಷ್ಟೇ. ಪೊಟ್ಯಾಷ್ ಅಷ್ಟನ್ನೂ ನಾವು ಹೊರಗಿನಿಂದ ತರುತ್ತೇವೆ. ಬೆಲಾರೂಸ್ ಮೇಲಿನ ನಿರ್ಬಂಧಗಳ ಹಿನ್ನೆಲೆಯಲ್ಲಿ 2022ರ ಫೆಬ್ರುವರಿ 1ರಿಂದ ಲಿಥುವೇನಿಯಾ ತನ್ನ ರೈಲಿನಲ್ಲಿ ಅಲ್ಲಿನ ಪೊಟ್ಯಾಷ್ ಸಾಗಿಸುವುದನ್ನು ನಿಲ್ಲಿಸಿತು. ಅದೇ 24ರಂದು ರಷ್ಯಾ ಉಕ್ರೇನ್‌ಗೆ ನುಗ್ಗಿತು. ಎರಡರಲ್ಲೂ ಭಾರತದ ಪಾತ್ರವಿಲ್ಲ, ಆದರೆ ಬೆಲೆ ಏರಿ 2022-23ರಲ್ಲಿ ನಮ್ಮ ಗೊಬ್ಬರದ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿ ದಾಟಿತು. ಡ್ರಿಪ್‌ನಲ್ಲಿ ಬಿಡುವ, ನೀರಿನಲ್ಲಿ ಕರಗುವ ಗೊಬ್ಬರಗಳ ಬಹುಪಾಲು ಚೀನಾದ್ದು. 2025ರಲ್ಲಿ ಅವು ಅಲ್ಲೇ ತಡೆದು ನಿಂತವು. ಗಡಿಯ ಮಾತುಕತೆಗೆ ಆಗಸ್ಟ್‌ನಲ್ಲಿ ದೆಹಲಿಗೆ ಬಂದ ಚೀನಾದ ವಿದೇಶ ಮಂತ್ರಿ ಗೊಬ್ಬರದ ಬಗ್ಗೆಯೂ ಭರವಸೆ ಕೊಡಬೇಕಾಯಿತು. ಗಡಿಯ ಬಿಸಿ ನಿಮ್ಮ ಸೊಸೈಟಿಯ ಗೋದಾಮಿನವರೆಗೆ ಬರುವ ದಾರಿ ಇದು.

ಈಗ ಮಾಡಬೇಕಾದ್ದು: 50 ಕೆ.ಜಿ. ಡಿಎಪಿ ಮೂಟೆಯಲ್ಲಿ 23 ಕೆ.ಜಿ. ರಂಜಕ, 9 ಕೆ.ಜಿ. ಸಾರಜನಕ. ಮೂರು ಮೂಟೆ ಸೂಪರ್ ಫಾಸ್ಫೇಟ್ (16%) ಹಾಕಿದರೆ 24 ಕೆ.ಜಿ. ರಂಜಕ, ಅದರ ಜೊತೆ 20 ಕೆ.ಜಿ. ಯೂರಿಯಾದಿಂದ 9 ಕೆ.ಜಿ. ಸಾರಜನಕ ಸಿಗುತ್ತದೆ. ಸೂಪರ್ ಫಾಸ್ಫೇಟಿನ ಗಂಧಕ ಮೇಲಿನ ಲಾಭ. ಎರಡನ್ನೂ ಮೊದಲೇ ಬೆರೆಸಿ ಇಟ್ಟರೆ ತೇವ ಎಳೆದು ಗಂಟು ಕಟ್ಟುತ್ತದೆ, ಬೆರೆಸಿದ ದಿನವೇ ಹಾಕಿ. ಸೂಪರ್ ಫಾಸ್ಫೇಟನ್ನು ನಾಟಿ ವೇಳೆಗೆ ಸಾಲಿನ ತಳಕ್ಕೇ ಕೊಡಿ, ಆಮೇಲೆ ಮೇಲುಗೊಬ್ಬರವಾಗಿ ಚೆಲ್ಲಿದರೆ ಅಷ್ಟು ಫಲವಿಲ್ಲ. “ಡಿಎಪಿ ಬೇಕಾದರೆ ಈ ಡಬ್ಬಿಯನ್ನೂ ತಗೊಳ್ಳಿ” ಎಂದು ಯಾರಾದರೂ ಗಂಟು ಹಾಕಿದರೆ ಬಿಲ್ ಇಸಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಿ.

ಪ್ರಶ್ನೆ: ಮಗಳು ಕೆನಡಾದಲ್ಲಿ ಓದುತ್ತಿದ್ದಾಳೆ. ಮತ್ತೆ ಜಗಳವಾದರೆ ಏನು ಗತಿ? (ಪೋಷಕರು, ವಿಜಯನಗರ, ಮೈಸೂರು)

2023ರಲ್ಲಿ ಆದದ್ದನ್ನು ನೋಡಿದರೆ ಅಂದಾಜು ಸಿಗುತ್ತದೆ. ಸೆಪ್ಟೆಂಬರ್ 18ರಂದು, ಅಲ್ಲಿ ನಡೆದ ಕೊಲೆಯೊಂದರಲ್ಲಿ ಭಾರತದ ಏಜೆಂಟರ ಕೈವಾಡವಿರಬಹುದೆಂದು ಕೆನಡಾದ ಪ್ರಧಾನಿಯ ಆರೋಪ, 21ರಂದು ಭಾರತ ಅಲ್ಲಿನವರಿಗೆ ವೀಸಾ ಕೊಡುವುದನ್ನು ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ಕೆನಡಾ 41 ರಾಜತಾಂತ್ರಿಕರನ್ನು ಹಿಂದಕ್ಕೆ ಕರೆಸಿಕೊಂಡಿತು. ಬೆಂಗಳೂರಿನ ಕಾನ್ಸುಲೇಟ್‌ನಲ್ಲಿ ಖುದ್ದು ಸೇವೆ ನಿಂತಿತು, ಭಾರತದಲ್ಲಿದ್ದ ಅವರ ವಲಸೆ ಸಿಬ್ಬಂದಿ 27ರಿಂದ 5ಕ್ಕೆ ಇಳಿಯಿತು. ಓದುತ್ತಿದ್ದವರನ್ನು ಯಾರೂ ಹೊರಗೆ ಹಾಕಲಿಲ್ಲ, ಕಾಗದಪತ್ರಗಳು ಮಾತ್ರ ನಿಧಾನವಾದವು. ಅದಕ್ಕೇ ಪರ್ಮಿಟ್ ನವೀಕರಣಕ್ಕೆ ಅವಧಿ ಮುಗಿಯುವ ತಿಂಗಳುಗಳ ಮುಂಚೆ ಅರ್ಜಿ ಹಾಕಲಿ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲಿ. ವೀಸಾ ಅವಧಿ ಮುಗಿಯುತ್ತಾ ಬಂದಿರುವಾಗ ರಜೆಗೆ ಊರಿಗೆ ಬರುವುದು ಬೇಡ. ಬಂದು ಸಿಕ್ಕಿಹಾಕಿಕೊಂಡರೆ ಒಂದು ಸೆಮಿಸ್ಟರ್ ಹೋಗುತ್ತದೆ.

ಪ್ರಶ್ನೆ: ಹಾಗಾದರೆ ಸುಮ್ಮನೆ ಬಾಯಿ ಮುಚ್ಚಿಕೊಂಡಿರಬೇಕಾ? (ಓದುಗರು, ನಾಗಮಂಗಲ)

ಬೇಡವೇ ಬೇಡ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಯುದ್ಧಕ್ಕೆ ಹೆದರುವವನ ಕೃತಿಯಲ್ಲ. ಆದರೂ ಅದರ ಏಳನೆಯ ಅಧಿಕರಣದಲ್ಲಿ ಸಂಧಿಯಿಂದಲೂ (ಒಪ್ಪಂದ) ವಿಗ್ರಹದಿಂದಲೂ (ಹಗೆತನ) ಸಮನಾದ ಲಾಭವಿದ್ದರೆ ಸಂಧಿಯನ್ನೇ ಹಿಡಿ ಎಂದಿದೆ. ವಿಗ್ರಹದಲ್ಲಿ ಕ್ಷಯ (ಜನನಷ್ಟ), ವ್ಯಯ (ಖರ್ಚು), ಪ್ರವಾಸ (ಊರು ಬಿಟ್ಟು ದೂರವಿರುವುದು), ಪ್ರತ್ಯವಾಯ (ಕೇಡು) ನಾಲ್ಕೂ ಇವೆ ಎಂಬುದು ಅವನು ಕೊಡುವ ಕಾರಣ. ಬಲವಂತರಿಗೂ ಇದು ಅನ್ವಯಿಸುತ್ತದೆ. ಕೋವಿಡ್ ಮೂಲದ ತನಿಖೆ ಕೇಳಿದ ಆಸ್ಟ್ರೇಲಿಯಾದ ಬಾರ್ಲಿಗೆ 2020ರಲ್ಲಿ ಚೀನಾ 80.5% ಸುಂಕ ಹಾಕಿತು. ಆಸ್ಟ್ರೇಲಿಯಾ ಬಗ್ಗಲಿಲ್ಲ, ಬೇರೆ ಮಾರುಕಟ್ಟೆ ಹುಡುಕಿತು. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕ, ಬ್ರಿಟನ್ ಜೊತೆ ಅಣುಚಾಲಿತ ಜಲಾಂತರ್ಗಾಮಿಗೆ ಕೈ ಜೋಡಿಸಿತು. 2023ರ ಆಗಸ್ಟ್‌ನಲ್ಲಿ ಚೀನಾವೇ ಆ ಸುಂಕ ತೆಗೆಯಿತು.

ಸಿಟ್ಟು ತೋರಿಸಲು ಮೆಟ್ಟಿಲುಗಳಿವೆ. ಮೊದಲು ರಾಯಭಾರಿಯನ್ನು ಕರೆಸಿ ಮಾತಲ್ಲಿ ಹೇಳುವುದು, ಆಮೇಲೆ ಲಿಖಿತ ಪ್ರತಿಭಟನೆ, ನಂತರ ನಮ್ಮ ರಾಯಭಾರಿಯನ್ನು ಸಮಾಲೋಚನೆಗೆಂದು ಹಿಂದೆ ಕರೆಸುವುದು, ಸಿಬ್ಬಂದಿ ಕಡಿಮೆ ಮಾಡುವುದು, 1961ರ ವಿಯೆನ್ನಾ ಒಪ್ಪಂದದ 9ನೆಯ ವಿಧಿಯಂತೆ ಕಾರಣ ಕೊಡದೆಯೇ ಹೊರಗೆ ಕಳಿಸುವುದು, ಕೊನೆಗೆ ಸಂಬಂಧ ಕಡಿದುಕೊಳ್ಳುವುದು. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಕ್ಯಾಮೆರಾ ಇರಬೇಕಾಗಿಲ್ಲ, ಹಾಗಾಗಿ ಇಬ್ಬರಿಗೂ ಮುಖ ಉಳಿಯುತ್ತದೆ. ಮೇಲಕ್ಕೆ ಹೋದಷ್ಟೂ ಟಿವಿ ನೋಡುತ್ತಿರುವ ಸ್ವಂತ ಜನರೇ ಇಳಿಯಲು ಬಿಡುವುದಿಲ್ಲ. ಭಾರತ, ಕೆನಡಾ 2024ರ ಅಕ್ಟೋಬರ್‌ನಲ್ಲಿ ಪರಸ್ಪರ ಆರಾರು ರಾಜತಾಂತ್ರಿಕರನ್ನು ಹೊರಗೆ ಹಾಕಿದವು. ಮತ್ತೆ ಹೈಕಮಿಷನರ್‌ಗಳನ್ನು (ಕಾಮನ್‌ವೆಲ್ತ್ ದೇಶಗಳ ನಡುವೆ ರಾಯಭಾರಿಗಳ ಹೆಸರು ಇದು) ಹೆಸರಿಸಲು 2025ರ ಆಗಸ್ಟ್ ಕೊನೆಯವರೆಗೆ ಕಾಯಬೇಕಾಯಿತು. ಭಾರತ, ಪಾಕಿಸ್ತಾನಗಳ ನಡುವೆ ಹೈಕಮಿಷನರ್‌ಗಳು ಹೊರಟುಹೋದದ್ದು 2019ರ ಆಗಸ್ಟ್‌ನಲ್ಲಿ. 2025ರಲ್ಲಿ ಉಳಿದ ಸಿಬ್ಬಂದಿಯನ್ನೂ 55ರಿಂದ 30ಕ್ಕೆ ಇಳಿಸಿದರು.