ಗೇ ಆಗಿರುವುದಕ್ಕೇ ಖಿನ್ನತೆ ಬಂದಿದೆಯಾ? ಮದುವೆಯಾದರೆ ಹೋಗುತ್ತಾ?

ವಯಸ್ಸು ಮೂವತ್ತೈದು ದಾಟಿದೆ, ಗೇ, ಎಷ್ಟೋ ವರ್ಷದ ಖಿನ್ನತೆ, ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಇದು ನನ್ನದೇ ಕಥೆ.

ನಿದ್ದೆ ಬಾರದೆ ಬೆಂಗಳೂರಿನ ಮನೋವೈದ್ಯರೊಬ್ಬರ ಹತ್ತಿರ ಹೋದೆ. "ಏನು ಚಿಂತೆ?" ಅಂದರು. "ಆಫೀಸ್ ಒತ್ತಡ" ಅಂದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಒಳ್ಳೆಯ ವರ್ಷಗಳನ್ನೆಲ್ಲ ಅದು ತಿಂದುಹಾಕಿತು. ಆಗ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಇನ್ನೂ ನಮ್ಮ ಮೇಲಿತ್ತು. ಫೈಲಿನಲ್ಲಿ ಬರೆದುಬಿಟ್ಟರೆ? ಅದು ಅಣ್ಣನ ಕೈಗೆ ಸಿಕ್ಕರೆ? ಅದೇ ಭಯ. ಡಾಕ್ಟರು ನಾನು ಹೇಳಿದ್ದನ್ನೇ ನಂಬಿದರು. ಕೆಲಸ ಬದಲಿಸಿ ನೋಡಿ ಅಂದರು, ಬದಲಿಸಿದೆ. ಹೊಸ ಆಫೀಸಿನಲ್ಲೂ ಫೋನ್ ಬೋರಲು ಹಾಕಿಡುವುದು ತಪ್ಪಲಿಲ್ಲ. ಊರಿಗೆ ಹೋದರೆ "ಮದುವೆ ಊಟ ಯಾವಾಗಪ್ಪ ಹಾಕಿಸೋದು?" ಅನ್ನುವುದು ತಪ್ಪಲಿಲ್ಲ. ಮಾತ್ರೆಯಿಂದ ನಿದ್ದೆ ಬರುತ್ತಿತ್ತು. ಸ್ವಲ್ಪ ಗೆಲುವಾದ ಕೂಡಲೇ ಬಿಡುತ್ತಿದ್ದೆ, ಮತ್ತೆ ಕುಸಿಯುತ್ತಿದ್ದೆ. ಡೋಸ್ ಜಾಸ್ತಿಯಾಗುತ್ತಿತ್ತು. ಕಾಲಿಗೆ ಮುಳ್ಳು ಚುಚ್ಚಿದ್ದರೆ ತಲೆಗೆ ಎಣ್ಣೆ ತಿಕ್ಕಿಸಿಕೊಂಡ ಹಾಗೆ. ಅದು ಡಾಕ್ಟರ ತಪ್ಪಲ್ಲ. ಮುಳ್ಳಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ ಅಲ್ವಾ?

2018ರ ಸೆಪ್ಟೆಂಬರ್ 6ರಂದು, ಅದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು. ಆಮೇಲೆ ಕೌನ್ಸೆಲರ್ ಒಬ್ಬರ ಮುಂದೆ ಬಾಯಿಬಿಟ್ಟೆ. ಅವರು ಬೆಚ್ಚಲಿಲ್ಲ. "ದಿನಕ್ಕೆ ಎಷ್ಟು ಹೊತ್ತು ಇದನ್ನು ಬಚ್ಚಿಡುವುದರಲ್ಲೇ ಕಳೆಯುತ್ತೆ?" ಅಂದರು. ನನ್ನ ಚಿಕಿತ್ಸೆ ನಿಜವಾಗಿ ಶುರುವಾಗಿದ್ದು ಆವತ್ತು.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಗೇ ಆಗಿರುವುದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ಜೀವ ಹಿಂಡುವುದು ಬಚ್ಚಿಡುವ ಕೆಲಸ, ಯಾರಿಗೆ ಗೊತ್ತಾಗುತ್ತೋ ಅನ್ನುವ ಎಚ್ಚರ, ಜನರ ಮಾತು. ಸಂಶೋಧಕರು ಇದಕ್ಕೆ 'ಮೈನಾರಿಟಿ ಸ್ಟ್ರೆಸ್' ಅನ್ನುತ್ತಾರೆ. ಮದುವೆಯಾದರೆ ಮಲಗುವ ಕೋಣೆಯಲ್ಲೂ ಬಚ್ಚಿಡಬೇಕಾಗುತ್ತದೆ. ಏನೂ ಗೊತ್ತಿಲ್ಲದ ಒಬ್ಬ ಹೆಣ್ಣುಮಗಳ ಬದುಕೂ ಅದರಲ್ಲಿ ಸಿಕ್ಕಿಬೀಳುತ್ತದೆ. ದಯವಿಟ್ಟು ಬೇಡ.

ಅಮ್ಮನಿಗೆ ಹೇಳುವ ಯೋಚನೆ ಆಮೇಲಿರಲಿ. ಡಾಕ್ಟರಿಗೆ ಮಾತ್ರ ಈ ಸಲವೇ ಹೇಳಿ. ಗುಟ್ಟು ಕಾಪಾಡಬೇಕು, ಭೇದ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. "ನಿಮ್ಮನ್ನು ಬದಲಾಯಿಸುತ್ತೇನೆ" ಅಂದರೆ ಎದ್ದು ಬನ್ನಿ. ಅಂಥ ಚಿಕಿತ್ಸೆ ಕೊಡುವುದು ವೈದ್ಯವೃತ್ತಿಗೆ ತಕ್ಕುದಲ್ಲದ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ನನ್ನ ಹಾಗೆ ಮಾತ್ರೆಯನ್ನು ಸುಮ್ನೆ ನಿಲ್ಲಿಸಬೇಡಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.