ಉಜ್ಜಿದರೆ ಹೋಗದ ಕಪ್ಪು

ಒಂಬತ್ತನೇ ತರಗತಿಯ ಹುಡುಗ, ವಯಸ್ಸು 15. ಪಿ.ಟಿ. ಪೀರಿಯಡ್ ಇರುವ ದಿನವೇ ಶಾಲೆಗೆ ಚಕ್ಕರ್ ಹಾಕುತ್ತಾನೆಂದು ಕ್ಲಾಸ್ ಟೀಚರ್ ನನ್ನ ಬಳಿ ಕಳಿಸಿದ್ದರು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. ಮಗನ ಓದಿಗೆಂದು ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ತಾಯಿ, ಅಜ್ಜಿ ಇಲ್ಲಿರುತ್ತಾರೆ. ತಂದೆ ಶನಿವಾರದ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ತೋಟಕ್ಕೆ ವಾಪಸ್.

ಫೆಬ್ರವರಿ ಕೊನೆಯ ಬಿಸಿಲು. ಫ್ಯಾನಿನ ಕೆಳಗೆ ಕೂತರೂ ಹುಡುಗ ಅಂಗಿಯ ಮೇಲಿನ ಗುಂಡಿ ಬಿಚ್ಚಿರಲಿಲ್ಲ. ಅರ್ಧ ಗಂಟೆ ಕ್ರಿಕೆಟ್ಟಿನ ಮಾತಾಡಿದ ಮೇಲೆ ತಾನೇ ಕಾಲರ್ ಸರಿಸಿ ತೋರಿಸಿದ. ಕತ್ತಿನ ಸುತ್ತ ಕಪ್ಪು, ಮಖಮಲ್ಲಿನ ಹಾಗೆ ದಪ್ಪನೆಯ ಚರ್ಮ. ನಡುವೆ ಕೆಂಪು ಗೀರುಗಳು. ಆ ಗೀರು ತಾಯಿಯ ಕೆಲಸ. ಕಡಲೆಹಿಟ್ಟು ಆಯಿತು, ನಿಂಬೆಹೋಳಾಯಿತು, ಕೊನೆಗೆ ತೆಂಗಿನ ನಾರಿನಲ್ಲಿ ತಿಕ್ಕಿದ್ದರು. "ಸ್ನಾನ ಸರಿ ಮಾಡಲ್ಲ ಮೇಡಂ, ಕೊಳೆ ಕಟ್ಟಿದೆ" ಎಂದು ಅವರೇ ನನ್ನೆದುರು ಹೇಳಿದಾಗ ಹುಡುಗ ನೆಲ ನೋಡುತ್ತಿದ್ದ. ಆಟದ ಮೈದಾನದಲ್ಲಿ ಅವನ ಹೆಸರು 'ಕೊಳಕ'. 'ಡುಮ್ಮ' ಅನ್ನಿಸಿಕೊಳ್ಳುವುದು ಅವನಿಗೆ ರೂಢಿಯಾಗಿತ್ತು, ಇದು ಆಗಿರಲಿಲ್ಲ.

ನಾನು ವೈದ್ಯಳಲ್ಲ. ಆದರೆ ಈ ಕಪ್ಪು ಕೊಳೆಯಲ್ಲ ಎಂಬಷ್ಟು ಗೊತ್ತಿತ್ತು. ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದಾಗ ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿ ತುಂಬಿದ ಆ ಇನ್ಸುಲಿನ್ ಚರ್ಮದ ಕೋಶಗಳನ್ನೂ ಕೆರಳಿಸಿ ಬೆಳೆಸುತ್ತದೆ. ಇದನ್ನು ಅಕಾಂತೋಸಿಸ್ ನೈಗ್ರಿಕಾನ್ಸ್ ಎನ್ನುತ್ತಾರೆ. ಉಜ್ಜಿದಷ್ಟೂ ಚರ್ಮ ಒರಟಾಗುತ್ತದೆ, ಬಣ್ಣ ಹೋಗುವುದಿಲ್ಲ. ಮಕ್ಕಳ ವೈದ್ಯರಲ್ಲಿಗೆ ಕಳಿಸಿದೆ.

ಎತ್ತರ 168 ಸೆಂ.ಮೀ., ತೂಕ 82 ಕೆ.ಜಿ., ಹೊಟ್ಟೆಯ ಸುತ್ತಳತೆ 98 ಸೆಂ.ಮೀ. ಮೂರು ಸಲ ಅಳೆದರೂ ರಕ್ತದೊತ್ತಡದ ಮೇಲಿನ ಅಂಕಿ 132ರ ಆಸುಪಾಸು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 188, ಒಳ್ಳೆಯ ಕೊಲೆಸ್ಟರಾಲ್ 35. ಬರಿಹೊಟ್ಟೆಯ ಸಕ್ಕರೆ ಮಾತ್ರ 97, ಅಂದರೆ ನಾರ್ಮಲ್. ಆ ಒಂದು ಅಂಕಿ ಹಿಡಿದುಕೊಂಡು ತಂದೆ "ಶುಗರ್ ಇಲ್ಲವಲ್ಲ, ಮತ್ತೆಂತ?" ಎಂದರು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2007ರಲ್ಲಿ ಮಕ್ಕಳಿಗೆಂದು ಗೊತ್ತುಮಾಡಿದ ಅಳತೆ ಹೀಗಿದೆ: 10ರಿಂದ 16 ವಯಸ್ಸಿನೊಳಗೆ ಹೊಟ್ಟೆಯ ಸುತ್ತಳತೆ ಮಿತಿಮೀರಿರಬೇಕು. ಜೊತೆಗೆ ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟರಾಲ್ 40ಕ್ಕಿಂತ ಕಡಿಮೆ, ರಕ್ತದೊತ್ತಡದ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿರುವುದು, ಬರಿಹೊಟ್ಟೆಯ ಸಕ್ಕರೆ 100 ಮುಟ್ಟಿರುವುದು, ಈ ನಾಲ್ಕರಲ್ಲಿ ಎರಡು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಮುಂದೆ ಮಧುಮೇಹ, ಹೃದ್ರೋಗಕ್ಕೆ ದಾರಿಯಾಗಬಲ್ಲ ಗುಂಪು ಲಕ್ಷಣ. ಹುಡುಗನಿಗೆ ಮೂರಿತ್ತು. ಸಕ್ಕರೆ ಸಾಮಾನ್ಯವಾಗಿ ಕೊನೆಗೆ ಏರುವ ಅಂಕಿ.

ತಂದೆಗೆ ಸಮಾಧಾನವಾಗಲಿಲ್ಲ. "ಅಮೆರಿಕದಲ್ಲಿ ನಮ್ಮ ಭಾವನ ಮನೆಗೆ ಹೋಗಿದ್ದೆ. ಅಲ್ಲಿ ಹುಡುಗ್ರು ಇವನ ಒಂದೂವರೆಯಷ್ಟು ಇರ್ತಾರೆ. ಇವನಿಗೆ ಮಾತ್ರ ಎಂತಕ್ಕೆ ಬಂತು?"

ಒಳ್ಳೆಯ ಪ್ರಶ್ನೆ. ಅಲ್ಲಿಯವರಿಗೆ ಇಲ್ಲವೆಂದಲ್ಲ. ಅಲ್ಲಿನ 1988–94ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 12ರಿಂದ 19 ವಯಸ್ಸಿನ ಎಲ್ಲರನ್ನೂ ಸೇರಿಸಿದರೆ ಶೇ 4.2 ಮಂದಿಗೆ ಈ ಗುಂಪು ಲಕ್ಷಣ. ತೂಕ ತೀರಾ ಹೆಚ್ಚಿದ್ದವರನ್ನಷ್ಟೇ ತೆಗೆದುಕೊಂಡರೆ ಶೇ 28.7. ಅದೇ ದೇಶದ ಕಪ್ಪು ಜನಾಂಗದ ಮಕ್ಕಳಲ್ಲಿ ಟ್ರೈಗ್ಲಿಸರೈಡ್ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಹಲವರು ಪಟ್ಟಿಯ ಲೆಕ್ಕಕ್ಕೆ ಸಿಗದೆ ಪಾರಾಗುತ್ತಾರೆ, ಇನ್ಸುಲಿನ್ ಮಾತನ್ನು ದೇಹ ಕೇಳದ ತೊಂದರೆ ಮಾತ್ರ ಒಳಗೆ ಇರಬಹುದು. ನಮ್ಮವರದ್ದು ಬೇರೆ ಕತೆ: ತೂಕ ಹೆಚ್ಚದಿದ್ದರೂ ಕೊಬ್ಬು ಹೊಟ್ಟೆಯಲ್ಲಿ ಕೂರುತ್ತದೆ. ದೊಡ್ಡ ಗಂಡಸರಿಗೆ ಯುರೋಪಿನಲ್ಲಿ ಸುತ್ತಳತೆಯ ಗಡಿ 94 ಸೆಂ.ಮೀ., ದಕ್ಷಿಣ ಏಷ್ಯಾದವರಿಗೆ 90. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಜೊತೆಗೆ ನಿಂತಿರುವ ಫೋಟೊ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 22.3. ಮೈಯ ಕೊಬ್ಬು ಯುಡ್ಕಿನ್‌ರದು ಶೇ 9.1, ಯಾಜ್ಞಿಕ್‌ರದು ಶೇ 21.2. ಇದನ್ನು ಹೇಳಿ ಟೇಪನ್ನು ತಂದೆಯ ಕೈಗೇ ಕೊಟ್ಟೆ. ಸಣಕಲು ಕೈಕಾಲಿನ ಮನುಷ್ಯ, ಹೊಟ್ಟೆ 96. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಯಾಜ್ಞಿಕ್‌ರ ತಂಡ ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳಲ್ಲೂ ಇದನ್ನೇ ಕಂಡಿತ್ತು. ತೂಕ 2.7 ಕೆ.ಜಿ.ಯಷ್ಟೇ, ಆದರೆ ಕೊಬ್ಬಿನ ಪಾಲು ಅಷ್ಟಾಗಿ ಕಡಿಮೆಯಿಲ್ಲ. ಹೀಗೆ ಸಣ್ಣಗೆ ಹುಟ್ಟಿ ಆಮೇಲೆ ಬೇಗ ದಪ್ಪಗಾಗುವ ಮಕ್ಕಳಿಗೆ ಅಪಾಯ ಹೆಚ್ಚು. ಇಷ್ಟು ಕೇಳಿದ್ದೇ ತಾಯಿ ಅತ್ತುಬಿಟ್ಟರು. ಇವನು ಹುಟ್ಟಿದಾಗ ಎರಡೂಕಾಲು ಕೆ.ಜಿ. ಹೊಟ್ಟೆಗೆ ಕಮ್ಮಿಯಾಯ್ತೇನೋ ಎಂದು ರಾಗಿಮಣ್ಣಿ, ತುಪ್ಪ, ಬೆಲ್ಲ ಎಂದು ಅಜ್ಜಿಯೂ ತಾಯಿಯೂ ಸೇರಿ ತುಂಬಿಸಿದ್ದರು. ಅವತ್ತು ಆ ಮನೆಯಲ್ಲಿ ಪ್ರೀತಿಗೆ ಇದ್ದ ರೂಪ ಅದು, ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆಯೇ ಹೇಳಿದೆ.

ನನ್ನದೂ ಒಂದು ಎಡವಟ್ಟು. ಮೊದಲ ವಾರ ಹುಡುಗನಿಗೆ ಪುಸ್ತಕ ಕೊಟ್ಟು, ತಿಂದಿದ್ದು, ತೂಕ ಎಲ್ಲ ಬರೆ ಎಂದಿದ್ದೆ. ಮೂರು ವಾರ ಅವನ ಸುಳಿವಿಲ್ಲ. ಬಂದ ನೆಂಟರೆದುರು ಅಜ್ಜಿ ಅದನ್ನು ಓದಿಸಿದ್ದರಂತೆ. ಪುಸ್ತಕ ವಾಪಸ್ ತೆಗೆದುಕೊಂಡೆ.

ಆಮೇಲೆ ಕೊಟ್ಟ ಸಲಹೆ ಬಹುಪಾಲು ದೊಡ್ಡವರಿಗೆ. ಕತ್ತು ಉಜ್ಜುವುದು ಇವತ್ತೇ ನಿಲ್ಲಲಿ. ಹುಡುಗನಿಗೊಬ್ಬನಿಗೇ ಬೇರೆ ತಟ್ಟೆ ಬೇಡ, ಮನೆಗೆಲ್ಲ ಒಂದೇ ಅಡಿಗೆ. ಅಕ್ಕಿರೊಟ್ಟಿ ಬಿಡಿ ಎಂದರೆ ಮಲೆನಾಡಿನವರು ನನ್ನನ್ನೇ ಬಿಡುತ್ತಾರೆ. ನಾಲ್ಕಿದ್ದದ್ದು ಎರಡಾಗಲಿ, ಪಕ್ಕದ ಪಲ್ಯ ಎರಡರಷ್ಟಾಗಲಿ, ಸಂಜೆಗೆ ಹೆಸರುಕಾಳಿನ ಉಸ್ಲಿ ಇರಲಿ. ಟ್ಯೂಷನ್ನಿನ ಪಕ್ಕದ ಬೇಕರಿಯ ಪಫ್ಸು, ತಂಪು ಪಾನೀಯಕ್ಕೆಂದು ಕೊಡುತ್ತಿದ್ದ ದುಡ್ಡು ನಿಲ್ಲಿಸಿ, ಬಾಟಲಿಯಲ್ಲಿ ಮಜ್ಜಿಗೆ. ಮೊಬೈಲು ರಾತ್ರಿ ಹತ್ತಕ್ಕೆ ಅಜ್ಜಿಯ ಕೋಣೆಗೆ. ಈ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ದಿನಕ್ಕೊಂದು ಗಂಟೆ ಮೈ ಬೆವರಬೇಕು, ಹೇಗೆಂಬುದು ಹುಡುಗನ ಆಯ್ಕೆ. ಯಾರೂ ನೋಡದ ಆಟ ಬೇಕೆಂದ. ಟ್ಯೂಷನ್ನಿಗೆ ಸೈಕಲ್, ರಜೆಯಲ್ಲಿ ತೋಟದ ಕೆಲಸ ಎಂದು ಅವನೇ ಹೇಳಿದ. ತೂಕ ಇಳಿಯಲೇಬೇಕೆಂದಿಲ್ಲ, ಅಷ್ಟಕ್ಕೇ ನಿಂತು ಎತ್ತರ ಬೆಳೆದರೂ ಸಾಕೆಂದು ವೈದ್ಯರೇ ಹೇಳಿದ್ದರು. ಪಿ.ಟಿ. ಮೇಷ್ಟ್ರ ಹತ್ತಿರ ನಾನೇ ಮಾತಾಡಿದೆ: ಹೆಸರಿಟ್ಟು ಕರೆದವರನ್ನು ಅವರು ಸುಮ್ಮನೆ ಬಿಡಬಾರದು.

ಅಕ್ಟೋಬರಿನಲ್ಲಿ ಬಂದಾಗ ಎತ್ತರ 171, ತೂಕ 81, ಹೊಟ್ಟೆ 93. ಟ್ರೈಗ್ಲಿಸರೈಡ್ 154ಕ್ಕೆ ಇಳಿದಿತ್ತು. ಒಳ್ಳೆಯ ಕೊಲೆಸ್ಟರಾಲ್ ಹೆಚ್ಚು ಕದಲಿಲ್ಲ. ಕತ್ತಿನ ಕಪ್ಪು ಮಾಸಿದೆ, ಹೋಗಿಲ್ಲ, ಗೀರುಗಳಿಲ್ಲ. ಪಿ.ಟಿ. ಪೀರಿಯಡ್ಡಿಗೆ ತಪ್ಪದೆ ಹೋಗುತ್ತಾನೆ, ಸ್ಕೋರ್ ಬರೆಯುವವನಾಗಿ. ಸದ್ಯಕ್ಕೆ ಅಷ್ಟಕ್ಕೆ ಒಪ್ಪಿಕೊಂಡಿದ್ದೇನೆ.

ತಂದೆಗೆ ಬರಿಹೊಟ್ಟೆಯ ರಕ್ತ ಪರೀಕ್ಷೆ ಮಾಡಿಸಿ ಎಂದು ಫೆಬ್ರವರಿಯಿಂದ ಹೇಳುತ್ತಿದ್ದೇನೆ. ಅಡಿಕೆ ಕೊನೆಕೊಯ್ಲು ಮುಗಿಯಲಿ ಎಂದಿದ್ದಾರೆ.