ದೊಡ್ಡಪ್ಪನ ಸ್ಲೈಡಿನಲ್ಲಿ ಮೂರನೇ ನಂಬರಿನ ಇಂಜಿನ್

ಹಳೆಯ ಫೋಟೊ ಮತ್ತು ಹಳೆಯ ವಸ್ತುಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಊರಿನ, ಒಂದೇ ರೈಲಿನ ಸುತ್ತ ಇದ್ದವು. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡಿನ ರೈಲು ಅದು. ಹಾಗಾಗಿ ಮೂರಕ್ಕೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮ ದೊಡ್ಡಪ್ಪ ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋಗಿದ್ದರು. ಅವರು ತೀರಿಹೋದ ಮೇಲೆ ಟ್ರಂಕಿನಲ್ಲಿ ಎರಡು ಬಣ್ಣದ ಸ್ಲೈಡ್ ಸಿಕ್ಕಿವೆ. ಒಂದರಲ್ಲಿ ಅವರು ಸಣ್ಣ ಉಗಿಬಂಡಿಯ ಪಕ್ಕ ನಿಂತಿದ್ದಾರೆ. ಇನ್ನೊಂದರಲ್ಲಿ ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲಿದ್ದಾರೆ, ಹಿಂದೆ ಬೀದಿ, ದೂರದಲ್ಲಿ ಕೋಟೆ. 1956ರಲ್ಲಿ ತೆಗೆದದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಹೌದಾ? ಇದಕ್ಕೇನಾದರೂ ಬೆಲೆ ಇದೆಯಾ? (ಶಿವಮೊಗ್ಗದ ಓದುಗರು)

ಉತ್ತರ: ನೀವು ಕಳಿಸಿದ ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದೆ. ಇಂಜಿನ್ನಿನ ಮುಂದೆ 3 ಅಂತ ನಂಬರಿದೆ. ಡ್ರೈವರ್ ಕ್ಯಾಬಿನ ಕಿಟಕಿ ಕೆಳಗೆ ಫ್ರೆಡ್ ಗರ್ಲಿ ಅನ್ನೋ ಹೆಸರು ಓದಲು ಬರುತ್ತದೆ. ಅಲ್ಲಿಗೆ 1956 ಆಗಲಿಲ್ಲ.

ಯಾಕೆ ಅಂದರೆ, 1955ರ ಜುಲೈ 17ಕ್ಕೆ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲಿ ಇದ್ದದ್ದು ಎರಡೇ ಉಗಿ ಇಂಜಿನ್. ಒಂದನೇ ನಂಬರು ಸಿ.ಕೆ. ಹಾಲಿಡೇ, ಎರಡನೇ ನಂಬರು ಇ.ಪಿ. ರಿಪ್ಲಿ. ಎರಡನ್ನೂ ಬರ್ಬ್ಯಾಂಕ್‌ನ ಡಿಸ್ನಿ ಸ್ಟುಡಿಯೋದಲ್ಲೇ ಹೊಸದಾಗಿ ಮಾಡಿದ್ದರು. ರೈಲಿನ ಪ್ರಾಯೋಜಕರು ಸಾಂಟಾ ಫೆ ರೈಲ್ವೆ ಕಂಪನಿ, ಹಾಗಾಗಿ ಆ ಕಂಪನಿಯ ಹಿರಿಯರ ಹೆಸರನ್ನೇ ಇಂಜಿನ್ನುಗಳಿಗೆ ಇಟ್ಟರು. ಹಾಲಿಡೇಯ ಹೊಗೆಕೊಳವೆ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ, ರಿಪ್ಲಿಯದು ನೇರ. ಹೆಸರು ಕಾಣದ ಫೋಟೊಗಳಲ್ಲಿ ಈ ಕೊಳವೆಯಿಂದಲೇ ಗುರುತು ಹಿಡಿಯಬಹುದು. ಮೊದಲ ದಿನ ರಿಪ್ಲಿಯನ್ನು ನಿಲ್ದಾಣಕ್ಕೆ ಓಡಿಸಿಕೊಂಡು ಬಂದವರು ವಾಲ್ಟ್ ಡಿಸ್ನಿ ಅವರೇ. ಪಕ್ಕದಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಗುಡ್ವಿನ್ ನೈಟ್ ಮತ್ತು ಸಾಂಟಾ ಫೆ ಅಧ್ಯಕ್ಷ ಫ್ರೆಡ್ ಗರ್ಲಿ ಇದ್ದರು.

ಆ ಗರ್ಲಿಯವರ ಹೆಸರು ಹೊತ್ತ ಮೂರನೇ ಇಂಜಿನ್ ಹೊಸದಲ್ಲ. ಬಾಲ್ಡ್ವಿನ್ ಕಂಪನಿ 1894ರಲ್ಲಿ ಮಾಡಿದ್ದು. ಲೂಸಿಯಾನಾದಲ್ಲಿ ಕಬ್ಬು ಎಳೆಯುತ್ತಿತ್ತು! ಮಂಡ್ಯದ ಕಡೆಯವರಿಗೆ ಇದು ಕೇಳಿ ಖುಷಿಯಾಗಬಹುದು. ಅದನ್ನು ಕೊಂಡು, ರಿಪೇರಿ ಮಾಡಿ, ಹಳಿಗಿಳಿಸಿದ್ದು 1958ರಲ್ಲಿ. ಹಾಗಾಗಿ ನಿಮ್ಮ ಸ್ಲೈಡ್ 1958ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ.

ಈಗ ಎರಡನೇ ಸ್ಲೈಡಿಗೆ ಬನ್ನಿ. ದೊಡ್ಡಪ್ಪ ಹಾಕಿರುವ ಚೌಕಳಿ ಶರ್ಟು ಎರಡರಲ್ಲೂ ಒಂದೇ, ಜೇಬಿನಲ್ಲಿರುವ ಪೆನ್ನೂ ಅದೇ. ಒಂದೇ ದಿನ ತೆಗೆದದ್ದು ಅಂತ ಇಟ್ಟುಕೊಳ್ಳೋಣ. ಮೇನ್ ಸ್ಟ್ರೀಟ್ ನಿಲ್ದಾಣದಿಂದ ಕೋಟೆಯ ಕಡೆ ನೋಡಿದರೆ ಬಲಗಡೆ ಮ್ಯಾಟರ್‌ಹಾರ್ನ್ ಅನ್ನೋ 147 ಅಡಿ ಎತ್ತರದ ಕೃತಕ ಬೆಟ್ಟ ಎದ್ದು ಕಾಣಬೇಕು. ನಿಮ್ಮ ಚಿತ್ರದಲ್ಲಿ ಅಲ್ಲಿ ಬರೀ ಆಕಾಶ. ಬೆಟ್ಟ ತೆರೆದದ್ದು 1959ರ ಜೂನ್ 14ಕ್ಕೆ. ಅದಕ್ಕೂ ಮುಂಚೆಯೇ ಅದರ ಉಕ್ಕಿನ ಚೌಕಟ್ಟು ಎದ್ದು ನಿಂತಿತ್ತು, ಅದೂ ನಿಮ್ಮ ಚಿತ್ರದಲ್ಲಿಲ್ಲ. ಹಾಗಾಗಿ 1958, ಹೆಚ್ಚೆಂದರೆ 1959ರ ಶುರು. ಮನೆಯವರ ನೆನಪು ಎರಡು ವರ್ಷ ಹಿಂದೆ ಸರಿದಿದೆ, ಅಷ್ಟೇ.

ಸ್ಲೈಡಿನ ರಟ್ಟಿನ ಅಂಚನ್ನೂ ಒಮ್ಮೆ ನೋಡಿ. ಕೆಲವದರ ಮೇಲೆ ಲ್ಯಾಬಿನವರು ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಫಿಲ್ಮ್ ತೊಳೆದ ತಿಂಗಳು, ಫೋಟೊ ತೆಗೆದ ತಿಂಗಳಲ್ಲ. ಆಗ ಒಂದು ರೋಲ್ ಮುಗಿಯುವವರೆಗೆ ಕ್ಯಾಮೆರಾದಲ್ಲೇ ತಿಂಗಳುಗಟ್ಟಲೆ ಇರುತ್ತಿತ್ತು. ದೊಡ್ಡಪ್ಪ ಊರಿಗೆ ಬರೆದ ಏರೋಗ್ರಾಮ್ ಯಾವುದಾದರೂ ಉಳಿದಿದ್ದರೆ ಅದರ ಅಂಚೆ ಮುದ್ರೆ ನೋಡಿ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಬೆಲೆಯ ವಿಷಯ. ಕೋಟೆ ಮತ್ತು ಬೀದಿಯ ಸ್ಲೈಡುಗಳು ಸಂಗ್ರಹಕಾರರ ಹತ್ತಿರ ರಾಶಿ ರಾಶಿ ಇವೆ. ಅವರು ಹುಡುಕುವುದು ಶೆಡ್ಡಿನಲ್ಲಿ ನಿಂತ ಇಂಜಿನ್, ದನದ ಬೋಗಿಯಂತೆ ಕಟ್ಟಿದ್ದ ಮೊದಲ ಗೂಡ್ಸ್ ಬೋಗಿಗಳು, 1957–58ರಲ್ಲಿ ಮಾತ್ರ ಓಡಿದ ವ್ಯೂಲೈನರ್ ಪುಟ್ಟ ರೈಲು, ಇಂಥದ್ದನ್ನು. ಆದರೆ ಆ ಕಾಲದಲ್ಲಿ ಅಲ್ಲಿಗೆ ಹೋದ ನಮ್ಮವರ ಚಿತ್ರ ನಾನು ನೋಡಿದ್ದು ತೀರಾ ಕಡಿಮೆ. ಪ್ರಧಾನಿ ನೆಹರು ಅಲ್ಲಿಗೆ ಹೋದದ್ದೇ 1961ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಶಿವಮೊಗ್ಗದ ಒಬ್ಬ ಹುಡುಗ ಆ ಇಂಜಿನ್ನಿಗೆ ಒರಗಿ ನಿಂತಿದ್ದಾನೆ ಅಂದರೆ, ದಯವಿಟ್ಟು ಮಾರಬೇಡಿ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಹಳೇ ಮನೆಯೊಂದರ ಸಾಮಾನು ಮಾರುವಾಗ ಹಿತ್ತಾಳೆಯ ರೈಲ್ವೆ ಲಾಟೀನು ಕೊಂಡೆ. ಮೇಲೆ ‘ಡಿಸ್ನಿಲ್ಯಾಂಡ್ ರೈಲ್‌ರೋಡ್ 1955’ ಅಂತ ಕೆತ್ತಿದೆ. ಉದ್ಘಾಟನೆ ದಿನ ಬಳಸಿದ್ದು ಅಂದರು. ಜೊತೆಗೆ ಒಂದು ಟಿಕೆಟ್ ಪುಸ್ತಕ, ಎರಡು ಪೋಸ್ಟ್‌ಕಾರ್ಡ್ ಕೊಟ್ಟರು. ನಂಬಬಹುದಾ?

ಉತ್ತರ: ಲಾಟೀನನ್ನು ನಂಬೋದು ಕಷ್ಟ. ಆ ಕೆತ್ತನೆಯೇ ಅದರ ವಿರುದ್ಧ ಸಾಕ್ಷಿ ಹೇಳುತ್ತಿದೆ. 1955ರಲ್ಲಿ ಆ ರೈಲಿನ ಹೆಸರು ‘ಸಾಂಟಾ ಫೆ ಅಂಡ್ ಡಿಸ್ನಿಲ್ಯಾಂಡ್ ರೈಲ್‌ರೋಡ್’. 1974ರಲ್ಲಿ ಸಾಂಟಾ ಫೆ ಕಂಪನಿ ಹಿಂದೆ ಸರಿದ ಮೇಲೆಯೇ ಬರೀ ‘ಡಿಸ್ನಿಲ್ಯಾಂಡ್ ರೈಲ್‌ರೋಡ್’ ಆಯಿತು. ಇಂಜಿನ್ ಹಿಂದಿನ ಟೆಂಡರಿನ, ಅಂದರೆ ಇಂಧನ ಮತ್ತು ನೀರು ಇಡುವ ಬಂಡಿಯ, ಮೇಲೆ ಬರೆದ ಹೆಸರು ನೋಡಿ ಫೋಟೊಗಳ ಕಾಲ ಹೇಳುವುದೂ ಹೀಗೆಯೇ.

ಇನ್ನೊಂದು ಮಾತು. ನಿಜವಾಗಿ ಕೆಲಸಕ್ಕೆ ಬಳಸಿದ ಲಾಟೀನಿನ ಮೇಲೆ ಇಸವಿಯನ್ನು ದೊಡ್ಡದಾಗಿ ಯಾರೂ ಕೆತ್ತಿಸುವುದಿಲ್ಲ. ಅದು ನೆನಪಿನ ಕಾಣಿಕೆಗೆ ಮಾಡುವ ಕೆಲಸ. ಬತ್ತಿ ಇಡುವ ಜಾಗದಲ್ಲಿ ಮಸಿ ಇದೆಯಾ, ಹಿಡಿಕೆ ಸಿಕ್ಕಿಸುವ ತೂತು ಉಜ್ಜಿ ಸವೆದಿದೆಯಾ ನೋಡಿ. ಹೊರಗಡೆ ಹಳೆಯದರಂತೆ ಕಪ್ಪಾಗಿ, ಒಳಗಡೆ ಹೊಸ ಪಾತ್ರೆಯಂತೆ ಹೊಳೆಯುತ್ತಿದ್ದರೆ ಅಲಂಕಾರಕ್ಕೆ ಮಾಡಿದ್ದೇ ಸರಿ. ಒಂದು ವೇಳೆ ಮಸಿ, ಸವಕಲು ಎರಡೂ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಲು ಹೋಗಬೇಡಿ. ನಾವು ದೇವರ ದೀಪ ಬೆಳಗುವ ಹಾಗೆ ಬೆಳಗಿದರೆ ಅದರ ವಯಸ್ಸು ಹೇಳುವ ಗುರುತೆಲ್ಲ ತೊಳೆದು ಹೋಗುತ್ತದೆ.

ಟಿಕೆಟ್ ಪುಸ್ತಕ ಚೆನ್ನಾಗಿದೆ, ಆದರೆ 1955ರದ್ದಲ್ಲ. ತೆರೆದ ದಿನ ಇಂಥ ಪುಸ್ತಕವೇ ಇರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಎ, ಬಿ, ಸಿ ಅಂತ ಆಟಗಳ ದರ್ಜೆಗೆ ತಕ್ಕ ಚೀಟಿಗಳ ಪುಸ್ತಕ ಬಂತು. 1956ರಲ್ಲಿ ಡಿ, 1959ರಲ್ಲಿ ಇ ಸೇರಿತು. ನಿಮ್ಮದರಲ್ಲಿ ಇ ಚೀಟಿ ಇದೆ, ಹಾಗಾಗಿ 1959 ಅಥವಾ ಆಮೇಲಿನದು. 1982ರಲ್ಲಿ ಈ ಪದ್ಧತಿಯೇ ನಿಂತಿತು. ಪೋಸ್ಟ್‌ಕಾರ್ಡುಗಳನ್ನು ತಿರುಗಿಸಿ ನೋಡಿ. ಅನಾಹೈಮ್ ವಿಳಾಸದ ಮುಂದೆ ಐದಂಕಿಯ ಜಿಪ್ ಕೋಡ್ ಅಚ್ಚಾಗಿದ್ದರೆ ಅದು 1963ರ ಜುಲೈ ನಂತರದ್ದು, ಯಾಕೆಂದರೆ ಆ ಕೋಡ್ ಶುರುವಾದದ್ದೇ ಆಗ.

ಪ್ರಶ್ನೆ: ನಮ್ಮ ಅಜ್ಜ ಹಡಗಿನಲ್ಲಿ ಕೆಲಸಕ್ಕಿದ್ದರು. 1964ರಲ್ಲಿ ಡಿಸ್ನಿಲ್ಯಾಂಡ್ ನೋಡಿ ಬಂದು ಆಲ್ಬಮ್ ಮಾಡಿದ್ದಾರೆ. ಕೆಲವು ಫೋಟೊ ಅಂಟಿನ ಹಾಳೆಗೆ ಕಚ್ಚಿಕೊಂಡಿವೆ. ಸ್ಲೈಡುಗಳಲ್ಲಿ ಬಿಳಿ ಜೇಡರ ಬಲೆಯಂಥದ್ದು ಬಂದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ? (ಮಂಗಳೂರು)

ಉತ್ತರ: ಖಂಡಿತ ಬೇಡ. ಆ ಬಲೆ ಬೂಷ್ಟು. ಫಿಲ್ಮಿನ ಮೇಲಿರುವ ಜೆಲಟಿನ್ ಪದರವನ್ನು ಅದು ತಿನ್ನುತ್ತದೆ. ಬೂಷ್ಟು ತಿಂದ ಜೆಲಟಿನ್ ನೀರು ತಾಗಿದರೆ ಕರಗುತ್ತದೆ. ಒಂದು ಸಲ ಒರೆಸಿದರೆ ಅಜ್ಜನ ಮುಖವೇ ಬಟ್ಟೆಗೆ ಬಂದುಬಿಡಬಹುದು. ಒಣಗಿದ ದಿನ, ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿ, ಮೆತ್ತನೆ ಬ್ರಶ್ಶಿನಿಂದ ಹಗುರಾಗಿ ಧೂಳು ತೆಗೆಯಿರಿ. ಅಷ್ಟೇ ಸಾಕು. ಬೂಷ್ಟು ಹಿಡಿದವನ್ನು ಉಳಿದವುಗಳಿಂದ ಬೇರೆ ಇಡಿ.

ಆಮೇಲೆ ಮೊದಲ ಕೆಲಸ ಸ್ಕ್ಯಾನ್. ಸ್ಲೈಡನ್ನು 4000 ಡಿಪಿಐಗೆ, ಕಾಗದದ ಫೋಟೊವನ್ನು 600ಕ್ಕೆ ಮಾಡಿಸಿ. ಸ್ಕ್ಯಾನ್ ಆದ ಮೇಲೆ ಇಂಜಿನ್ ಮೇಲಿನ ಅಕ್ಷರ ಓದಿ ನೋಡಿ. ತಿರುಗುಮುರುಗಾಗಿ ಕಂಡರೆ ಸ್ಲೈಡನ್ನು ಮಗುಚಿ ಇಟ್ಟಿದ್ದಾರೆ ಅಂತ ಅರ್ಥ. ಸ್ಟುಡಿಯೋಗಳಲ್ಲಿ ಇದು ಎಷ್ಟು ಸಲ ಆಗುತ್ತದೋ ಲೆಕ್ಕವಿಲ್ಲ. ಮನೆಯವರಿಗೆಲ್ಲ ತೋರಿಸುವ ಆಸೆಗೆ ಹಳೇ ಪ್ರೊಜೆಕ್ಟರ್ ಹೊರಗೆ ತೆಗೆಯಬೇಡಿ. ಕೊಡಾಕ್ರೋಮ್ ಸ್ಲೈಡು ಕತ್ತಲಲ್ಲಿದ್ದರೆ ದಶಕಗಳ ಕಾಲ ಬಣ್ಣ ಉಳಿಸಿಕೊಳ್ಳುತ್ತದೆ, ಪ್ರೊಜೆಕ್ಟರಿನ ದೀಪಕ್ಕೆ ಮಾತ್ರ ಬೇಗ ಬಾಡುತ್ತದೆ. ಸ್ಕ್ಯಾನನ್ನು ಟಿವಿಯಲ್ಲಿ ತೋರಿಸಿ.

ಇಡುವುದು ಎಲ್ಲಿ? ನಿಮ್ಮ ಊರಿನ ಮಳೆಗಾಲಕ್ಕೆ ಅಟ್ಟ ಬೇಡ, ಹೊರಗೋಡೆಗೆ ತಾಗಿದ ಬೀರೂ ಬೇಡ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಸಿಗುತ್ತದೆ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಪಿವಿಸಿ ಕವರ್ ಬೇಡ, ವಾಸನೆ ಬರುವ ಮೆತ್ತನೆಯ ಪ್ಲಾಸ್ಟಿಕ್ ಅದು. ಪಾಲಿಪ್ರೊಪಿಲೀನ್ ಆಗಬಹುದು. ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ಲ್ಯಾಮಿನೇಷನ್ನಂತೂ ಮಾಡಿಸಲೇಬೇಡಿ.

ಅಂಟಿಕೊಂಡ ಫೋಟೊಗಳಿಗೆ ಹಲ್ಲು ಶುಚಿ ಮಾಡುವ ನೂಲು, ಅದೇ ಡೆಂಟಲ್ ಫ್ಲಾಸ್, ತೆಗೆದುಕೊಳ್ಳಿ. ಮೂಲೆಯಿಂದ ಫೋಟೊ ಹಿಂದೆ ತೂರಿಸಿ, ಗರಗಸದಂತೆ ಮೆಲ್ಲಗೆ ಎಳೆಯುತ್ತಾ ಬನ್ನಿ. ಎಲ್ಲಾದರೂ ಬಿಗಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ಇದ್ದ ಹಾಗೇ ಕ್ಯಾಮೆರಾದಲ್ಲಿ ತೆಗೆದುಕೊಳ್ಳಿ. ಆದರೆ ಒಂದೇ ಒಂದು ಫೋಟೊ ಬಿಡಿಸುವುದಕ್ಕೂ ಮೊದಲು ಆಲ್ಬಮ್ಮಿನ ಪ್ರತಿ ಪುಟವನ್ನೂ ಪೂರ್ತಿಯಾಗಿ ತೆಗೆದಿಟ್ಟುಕೊಳ್ಳಿ. ನೀವು ಕಳಿಸಿದ ಪುಟದಲ್ಲಿ ಹಳದಿ ಬೋಗಿಯ ಚಿತ್ರದ ಕೆಳಗೆ ಅಜ್ಜ ಪೆನ್ಸಿಲಿನಲ್ಲಿ ‘ನಮ್ಮ ಮೀಟರ್ ಗೇಜಿಗಿಂತ ಚಿಕ್ಕ ಹಳಿ’ ಅಂತ ಬರೆದಿದ್ದಾರೆ. ಸರಿಯಾಗೇ ಅಂದಾಜು ಮಾಡಿದ್ದಾರೆ. ಆ ಹಳಿಯ ಅಗಲ ಮೂರು ಅಡಿ, ಅಂದರೆ 914 ಮಿಲಿಮೀಟರ್. ಮೀಟರ್ ಗೇಜಿಗಿಂತ 86 ಮಿಲಿಮೀಟರ್ ಮಾತ್ರ ಕಡಿಮೆ. ಬರೀ ಕಣ್ಣಳತೆಯಲ್ಲಿ ಅದನ್ನು ಹಿಡಿದಿದ್ದಾರೆ. ಆ ಸಾಲನ್ನು ಚಿತ್ರದಿಂದ ಬೇರೆ ಮಾಡಬೇಡಿ.